ಔಷಧದ ಬೆನ್ನಿಗೇ ಬರುವ ಜೋಮು

ಹಿತ್ತಿಲಿನಲ್ಲಾಗಲಿ, ಕಾಂಪೌಂಡು ಗೋಡೆಯ ಬಿರುಕಿನಲ್ಲಾಗಲಿ, ಯಾರೊಬ್ಬರ ಆರೈಕೆಯನ್ನೂ ಬಯಸದೆ ವರ್ಷವಿಡೀ ಅರಳುವ ಐದೆಸಳಿನ ಹೂವೊಂದನ್ನು ನಮ್ಮ ಬಂಧುಗಳೆಲ್ಲರೂ ಬಲ್ಲರು. ಕೆಲವರು ಅದನ್ನು ನಿತ್ಯಪುಷ್ಪವೆನ್ನುತ್ತಾರೆ, ಕೆಲವರು ಸದಾಪುಷ್ಪವೆನ್ನುತ್ತಾರೆ. ಹಳಬರ ಬಾಯಲ್ಲಿ ಅದು ಕಾಶಿಕಣಗಿಲೆ. ಹಲಸೂರಿನ ಹಳೆಯ ಓಣಿಗಳಲ್ಲಿಯೂ ಇಂದಿರಾನಗರದ ಮನೆಗಳ ಮುಂದಿನ ಕುಂಡಗಳಲ್ಲಿಯೂ ಅದಕ್ಕೆ ಕೊರತೆಯಿಲ್ಲ. ಬೇರೆ ಹೂ ದೊರೆಯದ ದಿನ ಪೂಜೆಯ ಬುಟ್ಟಿಗೆ ಬೀಳುವುದೂ ಇದೇ. ಮಡಗಾಸ್ಕರ್ ದ್ವೀಪದ ಮೂಲದ ಈ ಗಿಡ ನಮ್ಮ ಮಣ್ಣಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಇದು ಹೊರಗಿನದೆಂದರೆ ನಂಬುವವರು ಕಡಿಮೆ.

1950ರ ದಶಕದಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು, ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್, ಈ ಗಿಡದ ಎಲೆಯ ರಸವನ್ನು ಪರೀಕ್ಷೆಗೆ ಒಳಪಡಿಸಿದರು. ಜಮೈಕಾದ ಜನ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದುದೇ ಅವರ ಕುತೂಹಲಕ್ಕೆ ಕಾರಣ. ಸಕ್ಕರೆಯೇನೂ ಇಳಿಯಲಿಲ್ಲ, ಆದರೆ ರಸ ಕೊಟ್ಟ ಪ್ರಾಣಿಗಳ ರಕ್ತದಲ್ಲಿ ಬಿಳಿಯ ಕಣಗಳು ಕುಸಿದವು. ರಕ್ತದ ಕ್ಯಾನ್ಸರಿನಲ್ಲಿ ಮಿತಿಮೀರುವುದು ಆ ಬಿಳಿಯ ಕಣಗಳೇ ಅಲ್ಲವೆ? ಹೀಗೆ ದೊರೆತದ್ದು ವಿನ್‌ಬ್ಲಾಸ್ಟಿನ್. ಅದರ ಬೆನ್ನಿಗೆ ಅಮೆರಿಕದ ಔಷಧ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ ದೊರೆತದ್ದು ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಎರಡನೆಯ ಔಷಧ, ಬೇರೆ ಔಷಧಗಳ ಜೊತೆಗೂಡಿ, ಹಿಂದೆ ಸಾವೆಂದೇ ತಿಳಿಯಲಾಗಿದ್ದ ಮಕ್ಕಳ ರಕ್ತದ ಕ್ಯಾನ್ಸರನ್ನು ಗುಣಪಡಿಸಬಹುದಾದ ರೋಗಗಳ ಸಾಲಿಗೆ ತಂದಿತು. ಇಂದಿಗೂ ಆ ಚಿಕಿತ್ಸೆ ಇದಿಲ್ಲದೆ ನಡೆಯದು.

ಜೀವ ಉಳಿಸುವ ಇದೇ ಔಷಧ ನರವನ್ನು ಕೆಡಿಸುತ್ತದೆ ಎಂಬುದು ಅಷ್ಟೇ ನಿಜವಾದ ಸಂಗತಿ. ವಿನ್‌ಕ್ರಿಸ್ಟಿನ್ ಪಡೆಯುವ ಮಗು ಓಡುವಾಗ ಮುಂಗಾಲು ಎತ್ತಲಾರದೆ ಎಡವುತ್ತದೆ. ದವಡೆ ನೋವೆಂದು ಊಟ ಬಿಡುತ್ತದೆ. ದಿನಗಟ್ಟಲೆ ಮಲವಿಸರ್ಜನೆಯಾಗದೆ ಹೊಟ್ಟೆ ಉಬ್ಬರಿಸುತ್ತದೆ. ಇದನ್ನು ಮಗುವಿನ ಹಟವೆಂದೋ ಆಹಾರದ ದೋಷವೆಂದೋ ತಳ್ಳಿಹಾಕುವ ಮನೆಗಳುಂಟು. ಕರುಳನ್ನು ಆಡಿಸುವುದೂ ನರಗಳೇ. ಆ ನರಗಳು ಸೋತಾಗ ಕರುಳು ನಿಂತುಬಿಡಬಹುದು. ಆದುದರಿಂದ ಈ ಔಷಧ ಪಡೆಯುವ ಮಗುವಿಗೆ ಎರಡು ಮೂರು ದಿನ ಹೊಟ್ಟೆ ಕಟ್ಟಿತೆಂದರೆ ವೈದ್ಯರಿಗೆ ತಿಳಿಸತಕ್ಕದ್ದೇ ಹೊರತು ಮನೆಮದ್ದಿನಲ್ಲಿ ಕಾಲ ಕಳೆಯತಕ್ಕದ್ದಲ್ಲ.

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೂವಿನಿಂದ ಔಷಧ ಬಂತೆಂದು ಹಿತ್ತಿಲ ಗಿಡದ ಎಲೆ ಅಗಿಯುವುದು, ಕಷಾಯ ಮಾಡಿ ಕುಡಿಯುವುದು ಅಪಾಯಕರ. ಕ್ವಿಂಟಲುಗಟ್ಟಲೆ ಒಣಗಿದ ಎಲೆಯಿಂದ ತೆಗೆದು ಶೋಧಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವ ವಸ್ತುವಿಗೂ, ಅಳತೆಯೇ ಇಲ್ಲದ ವಿಷದ ಎಲೆಗೂ ಹೋಲಿಕೆ ಸಲ್ಲದು. ಹೂ ಪೂಜೆಗೆ ಇರಲಿ.

ನಮ್ಮ ಭಾಗದ ಬಂಧುಗಳ ಮನೆಗಳಲ್ಲಿ ಕ್ಯಾನ್ಸರ್ ಎಂಬ ಮಾತು ಈಗ ಹೊಸದಲ್ಲ. ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ 1982ರಿಂದ ನಡೆದುಬಂದಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಅದನ್ನು ನಡೆಸುತ್ತಿದೆ. ಒಂದು ಕಾಲಕ್ಕೆ ನಗರದ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಇಂದು ಸ್ತನದ ಕ್ಯಾನ್ಸರ್ ಅದನ್ನು ಹಿಂದಿಕ್ಕಿದೆ. ಸ್ತನದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮೂಲತಃ ಒಂದು ಮರದ ತೊಗಟೆಯಿಂದ ಬಂದ ಔಷಧ. 1992ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಕೂದಲು ಉದುರುವುದೆಂದು, ವಾಂತಿಯಾಗುವುದೆಂದು ಎಲ್ಲರೂ ಮೊದಲೇ ತಿಳಿದು ಮನಸ್ಸನ್ನು ಗಟ್ಟಿ ಮಾಡಿಕೊಂಡಿರುತ್ತಾರೆ. ಕೂದಲು ಮರಳಿ ಬೆಳೆಯುತ್ತದೆ, ವಾಂತಿಗೆ ಒಳ್ಳೆಯ ಮಾತ್ರೆಗಳಿವೆ. ಬೆರಳ ತುದಿಯ ಜೋಮನ್ನು ಕುರಿತು ಮಾತ್ರ ಮನೆಯಲ್ಲಿ ಯಾರೂ ಆಡುವುದಿಲ್ಲ. ಆಡದೆ ಇರುವುದರಿಂದಲೇ ಕೈಕಾಲಿಗೆ ಹೆಚ್ಚಿನ ನಷ್ಟವಾಗುತ್ತಿದೆಯೆಂಬುದು ಈ ಲೇಖನವನ್ನು ಬರೆಯಲು ನಮಗಿರುವ ಕಾರಣ.

ಕಾಲ್ಬೆರಳಿಗೇ ಮೊದಲ ಪೆಟ್ಟು ಏಕೆ?

ಕ್ಯಾನ್ಸರ್ ಕೋಶಗಳು ಎಡೆಬಿಡದೆ ಒಡೆದು ಎರಡಾಗುತ್ತಿರುತ್ತವೆ. ಹೀಗೆ ಒಡೆಯುವಾಗ ಕೋಶದೊಳಗೆ ಅತಿ ಸೂಕ್ಷ್ಮವಾದ ನಳಿಕೆಗಳು ಏರ್ಪಟ್ಟು, ಕೆಲಸ ಮುಗಿದೊಡನೆ ಕಳಚಿಕೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಆ ನಳಿಕೆಗಳನ್ನು ಕಟ್ಟಲು ಬಿಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಕಟ್ಟಿದವನ್ನು ಬಿಚ್ಚಲು ಬಿಡುವುದಿಲ್ಲ. ಎರಡರಿಂದಲೂ ಕೋಶ ಒಡೆಯಲಾರದೆ ಸಾಯುತ್ತದೆ. ನರಕೋಶವಾದರೋ ಒಡೆಯುವುದೇ ಇಲ್ಲ. ಹಾಗಿದ್ದೂ ಅದಕ್ಕೆ ಈ ನಳಿಕೆಗಳು ಬೇಕು. ಏಕೆಂದರೆ ತನ್ನ ಉದ್ದನೆಯ ಎಳೆಯ ತುದಿಯವರೆಗೆ ಆಹಾರ, ಇಂಧನ, ದುರಸ್ತಿಯ ಸಾಮಗ್ರಿಗಳನ್ನು ಸಾಗಿಸುವುದು ಇವೇ ನಳಿಕೆಗಳ ಹಳಿಯ ಮೇಲೆ. ಕಾಲ್ಬೆರಳಿನ ಸ್ಪರ್ಶವನ್ನು ಹೊತ್ತು ತರುವ ನರಕೋಶದ ಒಡಲು ಇರುವುದು ಬೆನ್ನುಮೂಳೆಯ ಬಳಿ. ಅಲ್ಲಿಂದ ಹೆಬ್ಬೆರಳಿಗೆ ಸುಮಾರು ಒಂದು ಮೀಟರು ದೂರ. ಇಷ್ಟು ಸಣ್ಣ ವಸ್ತುವಿಗೆ ಅದು ಎಂಥ ಪ್ರಯಾಣವೆಂಬುದನ್ನು ಊಹಿಸಬೇಕು.

ನಗರದ ಪೂರ್ವಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತರುವ ಕಾವೇರಿ ನೀರಿನ ಒತ್ತಡ ಎಲ್ಲಿಯಾದರೂ ಇಳಿಯಿತೆಂದರೆ, ಮೊದಲು ಬತ್ತುವುದು ಕೊಳವೆಯ ಕೊನೆಯಲ್ಲಿರುವ ಬಡಾವಣೆಯ ನಲ್ಲಿ. ಕೆ.ಆರ್. ಪುರ, ಮಹದೇವಪುರಗಳ ಕಡೆಯ ಅನೇಕ ಹಳ್ಳಿಗಳಿಗೆ ಕಾವೇರಿ ತಲುಪಲು 2024ರ ಐದನೆಯ ಹಂತದವರೆಗೆ ಕಾಯಬೇಕಾಯಿತು. ದೇಹದಲ್ಲಿ ಕೊಳವೆಯ ಕೊನೆಯೆಂದರೆ ಕಾಲ್ಬೆರಳು, ಆಮೇಲೆ ಕೈಬೆರಳು. ಅದಕ್ಕೇ ಜೋಮು ಎರಡೂ ಪಾದಗಳಲ್ಲಿ ಒಟ್ಟಿಗೇ ಆರಂಭವಾಗಿ, ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಕೈಗೆ ಬಂದಾಗ ಕೈಚೀಲ ತೊಟ್ಟಂತೆ ಕಾಣುತ್ತದೆ. ಒಂದೇ ಕಾಲಿಗೆ, ಒಂದೇ ಕೈಗೆ ಬಂದರೆ ಕಾರಣ ಬೇರೆ ಇರಬಹುದು. ಅದನ್ನು ಪ್ರತ್ಯೇಕವಾಗಿ ತೋರಿಸಿಕೊಳ್ಳಬೇಕು.

ಪ್ಲಾಟಿನಂ ಲೋಹದಿಂದ ತಯಾರಾದ ಸಿಸ್‌ಪ್ಲಾಟಿನ್ ಮತ್ತು ಆಕ್ಸಾಲಿಪ್ಲಾಟಿನ್ ಎಂಬ ಔಷಧಗಳ ರೀತಿ ಬೇರೆ. ಅವು ಬೆನ್ನುಮೂಳೆಯ ಪಕ್ಕದ ನರಕೋಶದ ಒಡಲಿನಲ್ಲಿಯೇ ಬೀಡುಬಿಡುತ್ತವೆ. ರಕ್ತದ ಮೂಲಕ ಬರುವ ವಿಷದಿಂದ ಮೆದುಳಿಗಿರುವಷ್ಟು ಗಟ್ಟಿಯಾದ ಕಾವಲು ಆ ಗಂಟುಗಳಿಗೆ ಇಲ್ಲ. ಇದರಿಂದ ಒಂದು ವಿಚಿತ್ರ ಉಂಟಾಗುತ್ತದೆ. ಕೊನೆಯ ಬಾಟಲಿ ಮುಗಿದು, ಬಂಧುಗಳು ಸಿಹಿ ಹಂಚಿ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆಯೂ ಜೋಮು ಎರಡು ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಏರುತ್ತಲೇ ಹೋಗಬಹುದು. ರೋಗ ಮರಳಿತೆಂದು ಆಗ ಮನೆಯವರು ಹೆದರುತ್ತಾರೆ. ಮೊದಲೇ ಹೇಳಿದ್ದರೆ ಆ ಭಯದ ಬಹುಭಾಗ ತಪ್ಪುತ್ತಿತ್ತು. ಮೂಳೆಮಜ್ಜೆಯ ಕ್ಯಾನ್ಸರಿಗೆ ಕೊಡುವ ಬಾರ್ಟೆಜೊಮಿಬ್, ಥಾಲಿಡೊಮೈಡ್ ಎಂಬ ಔಷಧಗಳಿಗೂ ನರಕ್ಕೆ ಹಾನಿ ಮಾಡುವ ಗುಣವುಂಟು.

ಎಷ್ಟು ಜನಕ್ಕೆ ಹೀಗಾಗುತ್ತದೆ? 31 ಅಧ್ಯಯನಗಳ, ನಾಲ್ಕು ಸಾವಿರಕ್ಕೂ ಮಿಕ್ಕ ರೋಗಿಗಳ ವಿವರವನ್ನು ಒಟ್ಟುಗೂಡಿಸಿದ ವರದಿಯೊಂದು 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಇಂಥ ಔಷಧ ಪಡೆದವರಲ್ಲಿ ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಶೇಕಡಾ 68, ಮೂರನೆಯ ತಿಂಗಳಲ್ಲಿ ಶೇಕಡಾ 60, ಆರು ತಿಂಗಳು ಮತ್ತು ಅದಕ್ಕೂ ಮುಂದೆ ಶೇಕಡಾ 30 ಮಂದಿಗೆ ಈ ತೊಂದರೆ ಇತ್ತು. ಎಂದರೆ ಬಹುಮಂದಿಗೆ ಬರುತ್ತದೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಲಕ್ರಮದಲ್ಲಿ ಇಳಿಯುತ್ತದೆ, ಉಳಿದವರ ಪಾಲಿಗೆ ಅದು ಒಡನಾಡಿಯಾಗಿ ನಿಲ್ಲುತ್ತದೆ.

ತಣ್ಣೀರು ಮತ್ತು ಕರಸ್ಥಲ

ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದ, ಕೆ.ಆರ್. ಪುರದ ಹಿರಿಯರೊಬ್ಬರು ನಮ್ಮ ಬಳಗಕ್ಕೆ ಸೇರಿದವರು. ಟೆಲಿಫೋನಿನ ಸಣ್ಣ ತಂತಿಗಳನ್ನು ಬೆಸೆಯುತ್ತಿದ್ದ ಅವರ ಬೆರಳುಗಳ ಚುರುಕನ್ನು ನಾವು ಕಂಡಿದ್ದೇವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅವರಿಗೆ ಆಕ್ಸಾಲಿಪ್ಲಾಟಿನ್ ಆರಂಭಿಸಿದರು. ಮೊದಲ ಸಲದ ಔಷಧ ಪಡೆದ ಮರುದಿನ ಮುಂಜಾನೆ, ಡಿಸೆಂಬರಿನ ಚಳಿಯಲ್ಲಿ, ನಲ್ಲಿಯ ನೀರಿಗೆ ಕೈಯೊಡ್ಡಿದೊಡನೆ ವಿದ್ಯುತ್ತು ಹೊಡೆದಂತಾಯಿತು. ಒಂದು ಗುಟುಕು ತಣ್ಣೀರು ಕುಡಿದಾಗ ಗಂಟಲು ಬಿಗಿದು ಉಸಿರೇ ನಿಂತಂತೆನಿಸಿತು. ಮನೆಯವರು ಗಾಬರಿಗೊಂಡರು.

ಇದು ಆ ಔಷಧದ ವಿಶೇಷ. ಔಷಧ ಪಡೆದ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ತಣ್ಣನೆಯದೆಲ್ಲವೂ ನರಕ್ಕೆ ಬೆಂಕಿಯಾಗುತ್ತದೆ. ಗಂಟಲು ನಿಜವಾಗಿ ಮುಚ್ಚಿರುವುದಿಲ್ಲ, ಮುಚ್ಚಿದಂತೆ ಭಾಸವಾಗುತ್ತದೆ. ಬೆಚ್ಚಗಿನ ನೀರನ್ನು ಮೆಲ್ಲಮೆಲ್ಲನೆ ಕುಡಿದರೆ ಸಡಿಲವಾಗುತ್ತದೆ. ಹಾಗಿದ್ದರೂ ಉಸಿರಾಟದ ತೊಂದರೆಯೆಂದಾಗ ವೈದ್ಯರಿಗೆ ಕೂಡಲೇ ತಿಳಿಸುವುದೇ ಸರಿ. ಔಷಧ ಒಗ್ಗದೆ ಇರುವುದರಿಂದಲೂ ಉಸಿರು ಕಟ್ಟಬಹುದು, ಆ ಎರಡರ ವ್ಯತ್ಯಾಸವನ್ನು ಹೇಳಬಲ್ಲವರು ಅವರೇ. ಫ್ರಿಜ್ಜಿನ ಬಾಗಿಲು ತೆರೆದು ಹಾಲಿನ ಪೊಟ್ಟಣ ತೆಗೆಯುವುದು, ಬರಿಗಾಲಲ್ಲಿ ಮುಂಜಾನೆ ಮೊಸಾಯಿಕ್ ನೆಲ ತುಳಿಯುವುದು, ಐಸ್‌ಕ್ರೀಮು, ತಂಪು ಪಾನೀಯ ಇವೆಲ್ಲವನ್ನೂ ಆ ದಿನಗಳಲ್ಲಿ ದೂರವಿಡಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಮುಂಜಾನೆಯ ಸ್ನಾನ ಮತ್ತು ಪೂಜೆ. ತಣ್ಣೀರಿನ ಸ್ನಾನವನ್ನೇ ವ್ರತವೆಂಬಂತೆ ನಡೆಸಿಕೊಂಡು ಬಂದ ಹಿರಿಯರು ಈ ಅವಧಿಯಲ್ಲಿ ಅದನ್ನು ಬಿಡಬೇಕು. ಇಷ್ಟಲಿಂಗದ ಮಜ್ಜನಕ್ಕೂ ಉಗುರುಬೆಚ್ಚಗಿನ ನೀರನ್ನೇ ಇಟ್ಟುಕೊಳ್ಳಬಹುದು. ಅದು ತಣ್ಣೀರೇ ಆಗಬೇಕೆಂಬ ಕಟ್ಟಳೆಯನ್ನು ನಾವಂತೂ ಕೇಳಿಲ್ಲ.

ತಣ್ಣೀರಿನ ಕಾಟ ಕೆಲವು ದಿನಗಳಲ್ಲಿ ಇಳಿಯುತ್ತಿತ್ತು. ಆದರೆ ಐದನೆಯ ಸಲದ ಹೊತ್ತಿಗೆ ಅವರಿಗೆ ಬೇರೊಂದು ಆರಂಭವಾಯಿತು. ಬೆರಳುಗಳ ಮೇಲೆ ತೆಳುವಾದ ಬಟ್ಟೆ ಸುತ್ತಿದಂತೆ ಸದಾ ಒಂದು ಮರಗಟ್ಟುವಿಕೆ. ಅಂಗಿಯ ಗುಂಡಿ ಹಾಕಲು ಹೆಂಡತಿಯ ನೆರವು ಬೇಕಾಯಿತು. ಬ್ಯಾಂಕಿನಲ್ಲಿ ಪಿಂಚಣಿಯ ಹಣ ತೆಗೆಯಲು ಹೋದಾಗ ಸಹಿ ಹೊಂದಲಿಲ್ಲ. ಅವರನ್ನು ಹೆಚ್ಚು ನೋಯಿಸಿದ್ದು ಇದಾವುದೂ ಅಲ್ಲ. "ಲಿಂಗ ಎಡಗೈ ಮೇಲೆ ಇದೆ ಅಂತ ಕಣ್ಣಿಗೆ ಕಾಣ್ತದೆ ಸ್ವಾಮಿ, ಅಂಗೈಗೆ ಗೊತ್ತಾಗೋದಿಲ್ಲ" ಎಂದು ಅವರು ನಮ್ಮಲ್ಲಿ ಹೇಳಿಕೊಂಡರು. ಎಂಟನೆಯ ವಯಸ್ಸಿನಿಂದ ಒಂದು ದಿನವೂ ತಪ್ಪದೆ ಕರಸ್ಥಲದಲ್ಲಿ ಆ ಭಾರವನ್ನು ಅರಿತವರು ಅವರು. ಕೈ ನಡುಗಿ ಜಾರಿದರೆ ಎಂಬ ಅಳುಕಿನಿಂದ ಪೂಜೆಯ ಹೊತ್ತನ್ನೇ ಮೊಟಕುಗೊಳಿಸಿದ್ದರು. ತೊಡೆಯ ಮೇಲೆ ಮಡಿಸಿದ ಮಡಿವಸ್ತ್ರದ ದಪ್ಪ ಮಡಿಕೆಯೊಂದನ್ನು ಇಟ್ಟು, ಅದರ ಮೇಲೆ ಮುಂಗೈ ಊರಿಕೊಂಡು ಕುಳಿತರೆ ಆ ಅಳುಕು ಬಹುಮಟ್ಟಿಗೆ ಹೋಗುತ್ತದೆಂದು ಮನೆಯವರೇ ಕಂಡುಕೊಂಡರು.

ಇಷ್ಟೆಲ್ಲ ನಡೆದರೂ ಅವರು ವೈದ್ಯರಲ್ಲಿ ಬಾಯಿಬಿಡಲಿಲ್ಲ. ಹೇಳಿದರೆ ಔಷಧ ಕಡಿಮೆ ಮಾಡುತ್ತಾರೆ, ಕಡಿಮೆ ಮಾಡಿದರೆ ರೋಗ ಮರಳುತ್ತದೆ ಎಂಬುದು ಅವರ ಲೆಕ್ಕ. ಈ ಲೆಕ್ಕವನ್ನು ನಾವು ಬೇರೆ ಮನೆಗಳಲ್ಲಿಯೂ ಕೇಳಿದ್ದೇವೆ. ಜಾಣತನದ ಮಾತಿನಂತೆ ತೋರುತ್ತದೆ. ಆದರೆ ಅದರಲ್ಲಿ ದೋಷವಿದೆ.

ಹೇಳಿದರೆ ಏನಾಗುತ್ತದೆ?

ಈ ನರಹಾನಿಯನ್ನು ಬಾರದಂತೆ ತಡೆಯುವ ಮಾತ್ರೆಯಾಗಲಿ ಚುಚ್ಚುಮದ್ದಾಗಲಿ ಇಂದಿನವರೆಗೆ ಇಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2014ರಲ್ಲಿ, ಮತ್ತೆ 2020ರಲ್ಲಿ, ಎಲ್ಲ ಪ್ರಯೋಗಗಳನ್ನು ಪರಿಶೀಲಿಸಿ ಇದೇ ತೀರ್ಮಾನಕ್ಕೆ ಬಂದಿತು. ನರಕ್ಕೆ ಒಳ್ಳೆಯದೆಂದು ಮಾರುತ್ತಿದ್ದ ಅಸಿಟೈಲ್ ಕಾರ್ನಿಟಿನ್ ಎಂಬ ಪುಷ್ಟಿವಸ್ತುವನ್ನು ಪ್ಯಾಕ್ಲಿಟ್ಯಾಕ್ಸೆಲ್ ವರ್ಗದ ಔಷಧ ಪಡೆಯುತ್ತಿದ್ದ ಮಹಿಳೆಯರಿಗೆ ಕೊಟ್ಟು ನೋಡಿದಾಗ, 2013ರ ವರದಿಯಂತೆ, ಜೋಮು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಔಷಧದಂಗಡಿಯಲ್ಲಿ "ನರಕ್ಕೆ ಏನಾದರೂ ಕೊಡಿ" ಎಂದು ಕೇಳಿ ತರುವವರು ಇದನ್ನು ನೆನಪಿನಲ್ಲಿಡಬೇಕು. ವಿಟಮಿನ್ ಬಿ6 ಸಹ ಅತಿಯಾದ ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ತಾನೇ ನರವನ್ನು ಕೆಡಿಸಬಲ್ಲದು.

ತಡೆಯುವ ಮದ್ದಿಲ್ಲವಾದ್ದರಿಂದ ಉಳಿಯುವ ದಾರಿ ಒಂದೇ: ಹಾನಿ ಆಳಕ್ಕೆ ಇಳಿಯುವ ಮೊದಲೇ ವೈದ್ಯರು ಔಷಧದ ಪ್ರಮಾಣವನ್ನು ತಗ್ಗಿಸುವುದು, ಒಂದು ವಾರ ಮುಂದೂಡುವುದು, ಬೇರೆ ಔಷಧಕ್ಕೆ ಬದಲಿಸುವುದು ಅಥವಾ ಸಾಕೆನ್ನುವುದು. ರೋಗಿ ಹೇಳದಿದ್ದರೆ ಅವರಿಗೆ ತಿಳಿಯುವ ಬಗೆಯಿಲ್ಲ. ರಕ್ತಪರೀಕ್ಷೆಯಲ್ಲಿ ಜೋಮು ಕಾಣುವುದಿಲ್ಲ.

ಔಷಧ ಕಡಿಮೆಯಾದರೆ ರೋಗ ಮರಳುವುದೆಂಬ ಭಯಕ್ಕೆ ಕರುಳಿನ ಕ್ಯಾನ್ಸರಿನ ವಿಷಯದಲ್ಲಿಯೇ ಉತ್ತರ ದೊರೆತಿದೆ. ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳು ಆಕ್ಸಾಲಿಪ್ಲಾಟಿನ್ ಕೊಡುವುದು ವಾಡಿಕೆಯಾಗಿತ್ತು. ಮೂರು ತಿಂಗಳು ಸಾಲದೇ ಎಂದು ಹಲವು ದೇಶಗಳ 12 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿ ನೋಡಿದ ಆರು ಪ್ರಯೋಗಗಳ ಒಟ್ಟು ಫಲ 2018ರಲ್ಲಿ ಪ್ರಕಟವಾಯಿತು. ಬಾಧಕವಾದ ನರಹಾನಿ ಆರು ತಿಂಗಳ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ, ಮೂರು ತಿಂಗಳ ಗುಂಪಿನಲ್ಲಿ ಆರೇಳು ಜನರಲ್ಲಿ ಒಬ್ಬರಿಗೆ. ರೋಗ ಮರಳುವ ವಿಷಯದಲ್ಲಾದರೋ, ಅಪಾಯ ಕಡಿಮೆಯಿದ್ದ ರೋಗಿಗಳಲ್ಲಿ ಎರಡಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ; ರೋಗ ಹೆಚ್ಚು ಹಬ್ಬಿದ್ದವರಲ್ಲಿ ಆರು ತಿಂಗಳಿಗೆ ಸ್ವಲ್ಪ ಮೇಲುಗೈ ಇತ್ತು. ಆದ್ದರಿಂದ ಯಾರಿಗೆ ಎಷ್ಟು ಎಂಬುದನ್ನು ರೋಗಿಯೂ ವೈದ್ಯರೂ ಕೂಡಿ ತೂಗಿ ನೋಡಬೇಕಾಗುತ್ತದೆ. ತೂಕದ ಒಂದು ತಟ್ಟೆಯಲ್ಲಿ ಹಾಕಬೇಕಾದ ವಿಷಯವನ್ನೇ ಮುಚ್ಚಿಟ್ಟರೆ ತಕ್ಕಡಿ ಹೇಗೆ ಸರಿಯಾದೀತು? ಮನೆಯಲ್ಲೇ ತೀರ್ಮಾನಿಸಿ ಚಿಕಿತ್ಸೆ ನಿಲ್ಲಿಸಿಬಿಡುವುದು ಇನ್ನೂ ದೊಡ್ಡ ಅನಾಹುತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೇಳುವಾಗ "ಜೋಮು ಇದೆ" ಎಂದಷ್ಟೇ ಹೇಳಿದರೆ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಅದು ಯಾರ ಕಿವಿಗೂ ಬೀಳದೆ ಹೋಗಬಹುದು. ನಮ್ಮ ಪರಿಚಿತರೊಬ್ಬರ ಮಾತಿಗೆ ಒಂದು ಆಸ್ಪತ್ರೆಯಲ್ಲಿ "ಎಲ್ಲರಿಗೂ ಆಗುತ್ತದೆ" ಎಂಬ ಉತ್ತರ ಬಂತು, ಮುಂದಿನ ಬಾಟಲಿ ಏರಿತು. ಕೈಯಿಂದ ಏನು ಆಗುತ್ತಿಲ್ಲವೆಂದು ಹೇಳುವುದು ಲೇಸು. ರವಿಕೆಯ ಹುಕ್ಕು ಹಾಕಲಾಗುತ್ತದೆಯೆ? ನಾಣ್ಯವನ್ನು ನೆಲದಿಂದ ಎತ್ತಿಕೊಳ್ಳಬಹುದೆ? ಮೂರು ಬೆರಳಲ್ಲಿ ವಿಭೂತಿ ಧರಿಸುವಾಗ ಅದರ ನುಣುಪು ತಿಳಿಯುತ್ತದೆಯೆ? ಚಪ್ಪಲಿ ಕಾಲಿನಿಂದ ಕಳಚಿಬಿದ್ದದ್ದು ಗೊತ್ತಾಗುತ್ತದೆಯೆ? ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ತೂರಾಡುವಂತಾಗುತ್ತದೆಯೆ? ಹಿಂದಿನ ಸಲದ ಜೋಮು ಮುಂದಿನ ಸಲದ ಔಷಧದ ದಿನದವರೆಗೂ ಉಳಿದಿದೆಯೆ? ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅದನ್ನು ಎಚ್ಚರಿಕೆಯ ಗಂಟೆಯೆಂದೇ ತಿಳಿಯಬೇಕು. ಒಂದು ನೋಟುಪುಸ್ತಕದಲ್ಲಿ ವಾರವಾರ ಬರೆದಿಟ್ಟು ಅದನ್ನೇ ವೈದ್ಯರ ಮುಂದಿಟ್ಟರೆ, ರೋಗಿಯ ಸಂಕೋಚವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ನಮ್ಮ ಅಡುಗೆಯ ದೆಸೆಯಿಂದಲೂ ಒಂದು ವಿಚಾರವಿದೆ. ವಿಟಮಿನ್ ಬಿ12 ಕಡಿಮೆಯಾದರೆ ಇದೇ ಬಗೆಯ ಜೋಮು ಬರುತ್ತದೆ. ಅಕ್ಕಿ, ಜೋಳ, ಬೇಳೆ, ಸೊಪ್ಪುಗಳಲ್ಲಿ ಅದು ಇಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಆಧಾರ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿ ಕೆಟ್ಟು ಹಾಲು ಸೇರದೆ ಹೋದಾಗ ಕೊರತೆ ಇನ್ನೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗಿದವರಲ್ಲಿಯೂ ಬಿ12 ಇಳಿಯುವುದುಂಟು. ಸಕ್ಕರೆ ಕಾಯಿಲೆ ತಾನೇ ನರವನ್ನು ಕೊರೆಯುತ್ತಿರುತ್ತದೆ. ಹೀಗೆ ಮೊದಲೇ ಬಳಲಿದ ನರದ ಮೇಲೆ ಕೀಮೋ ಬಿದ್ದರೆ ಪೆಟ್ಟು ದೊಡ್ಡದು. ಆದುದರಿಂದ ಚಿಕಿತ್ಸೆ ಆರಂಭವಾಗುವ ಮುನ್ನವೇ ಸಕ್ಕರೆಯನ್ನೂ ಬಿ12 ಅನ್ನೂ ಪರೀಕ್ಷಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಿ12 ಕೊಟ್ಟರೆ ಕೀಮೋದ ಜೋಮು ಬಾರದೆಂದಲ್ಲ. ಕೊರತೆಯಿದ್ದರೆ ತುಂಬಬಹುದು, ಅಷ್ಟೆ.

ಬಂದ ಮೇಲೆ

ಉರಿ ಮತ್ತು ಚುಚ್ಚುನೋವಿಗೆ ಉಪಯೋಗ ತೋರಿಸಿಕೊಟ್ಟ ಮಾತ್ರೆ ಎಂದರೆ ಡ್ಯುಲಾಕ್ಸೆಟಿನ್. 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಅದನ್ನು ಮೊದಲ ಐದು ವಾರ ಪಡೆದವರಲ್ಲಿ ಶೇಕಡಾ 59 ಮಂದಿಗೆ ನೋವು ಸ್ವಲ್ಪವಾದರೂ ಇಳಿಯಿತು. ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 38. ಇದು ಮೂಲತಃ ಖಿನ್ನತೆಗೆ ಕೊಡುವ ಔಷಧ. ಚೀಟಿಯ ಮೇಲೆ ಇದನ್ನು ಓದಿ "ನಮ್ಮವರಿಗೆ ಹುಚ್ಚಿನ ಮಾತ್ರೆ ಏಕೆ" ಎಂದು ಕೆಲವರು ಎಸೆದದ್ದುಂಟು. ಹಾಗೆ ಮಾಡಬಾರದು, ನೋವಿನ ಸಂದೇಶವನ್ನು ತಗ್ಗಿಸುವ ಶಕ್ತಿಯೂ ಅದಕ್ಕಿರುವುದರಿಂದ ಬರೆಯುತ್ತಾರೆ. ನೋವಿಲ್ಲದ ಬರಿಯ ಜೋಮಿಗೆ ಮಾತ್ರ ಅದರಿಂದ ಹೆಚ್ಚೇನೂ ಆಗದು. ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್ ಮಾತ್ರೆಗಳನ್ನೂ ಬರೆಯುವುದುಂಟು. ಅವುಗಳಿಂದ ತಲೆ ತಿರುಗುವುದು ಸಾಮಾನ್ಯ. ಮೊದಲೇ ಪಾದ ನೆಲವನ್ನು ಅರಿಯದವರಿಗೆ ತಲೆಯೂ ತಿರುಗಿದರೆ ಬೀಳುವುದು ಖಂಡಿತ.

ವ್ಯಾಯಾಮದ ವಿಷಯದಲ್ಲಿ ಇತ್ತೀಚೆಗೆ ಭರವಸೆಯ ಸುದ್ದಿಯಿದೆ. ಜರ್ಮನಿಯಿಂದ 2024ರಲ್ಲಿ ಬಂದ ವರದಿಯಲ್ಲಿ, ಕೀಮೋ ನಡೆಯುತ್ತಿರುವಾಗಲೇ ಸಮತೋಲನದ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 30 ಮಂದಿಗೆ ಮಾತ್ರ ಈ ತೊಂದರೆ ಕಂಡಿತು. ಮಾಡದವರಲ್ಲಿ 70 ಮಂದಿಗೆ. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದು, ಅದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಗೋಡೆಯ ಪಕ್ಕದಲ್ಲಿ, ಒಬ್ಬರು ಕೈಹಿಡಿದಿರುವಾಗ, ಒಂಟಿಕಾಲಲ್ಲಿ ನಿಲ್ಲುವುದಕ್ಕೆ ಹಣ ಬೇಕಾಗಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಏರುವಾಗ ಕೈಕಾಲಿಗೆ ಹಿಮದ ಚೀಲ ತೊಡಿಸಿ ರಕ್ತದ ಓಟ ತಗ್ಗಿಸುವ ಕ್ರಮವನ್ನೂ ಕೆಲವೆಡೆ ಅನುಸರಿಸುತ್ತಾರೆ. ತಮ್ಮ ವೈದ್ಯರನ್ನು ಕೇಳಿ ನೋಡಬಹುದು. ಆಕ್ಸಾಲಿಪ್ಲಾಟಿನ್ ಪಡೆಯುವವರು ಮಾತ್ರ ತಾವಾಗಿ ಹಿಮದ ಹತ್ತಿರ ಸುಳಿಯಬಾರದು.

ಮನೆಯೊಳಗಿನ ಅಪಾಯಗಳೇ ಹೆಚ್ಚು. ಹಲಸೂರಿನಲ್ಲಿ ನೆಲಸಿರುವ ಗದಗಿನ ಕಡೆಯ ತಾಯಿಯೊಬ್ಬರು ಸ್ತನದ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಪಡೆದವರು. ನಲವತ್ತು ವರ್ಷ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದ ಕೈ. "ಬೆರಳಿಗೆ ಬಿಸಿ ಹತ್ತೂದ ಗೊತ್ತಾಗೂದಿಲ್ರಿ, ಬೊಬ್ಬಿ ಎದ್ದಮ್ಯಾಲೆ ನೋಡ್ತೀನಿ" ಎಂದರು. ಮನೆಯಲ್ಲಿ ಅವರ ಕೈಯಿಂದ ಲೋಟ ಜಾರಿದಾಗಲೆಲ್ಲ ಗೊಣಗಾಟ ಕೇಳಿಬರುತ್ತಿತ್ತಂತೆ. ಕಾಯಿಲೆಯಿಂದ ಎದ್ದು ಬಂದವರ ಕೈ ಸೋತದ್ದನ್ನು ನಿರ್ಲಕ್ಷ್ಯವೆಂದು ಕರೆಯುವುದು ಅನ್ಯಾಯ. ಈ ಮಾತನ್ನು ಗಂಡಸರು ವಿಶೇಷವಾಗಿ ಗಮನಿಸಲಿ. ಮುದ್ದೆ ಕಟ್ಟುವುದು, ದೀಪದ ಬತ್ತಿ ಸರಿಪಡಿಸುವುದು, ಕುದಿಯುವ ಪಾತ್ರೆ ಇಳಿಸುವುದು, ಹಣ್ಣು ಹೆಚ್ಚುವುದು ಇವುಗಳನ್ನು ಕೆಲಕಾಲ ಬೇರೆಯವರು ವಹಿಸಿಕೊಳ್ಳಬೇಕು. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಬೇಕು; ಮೊಣಕೈ ಮೋಸಮಾಡುವುದಿಲ್ಲ. ಬಚ್ಚಲಿನಲ್ಲಿ ಕುಳಿತು ಮೀಯಲು ಒಂದು ಗಟ್ಟಿ ಮಣೆ, ರಾತ್ರಿ ಹಾದಿಗೊಂದು ಸಣ್ಣ ದೀಪ, ಜಾರುವ ಚಾಪೆಗಳಿಗೆ ವಿದಾಯ.

ಪಾದಗಳನ್ನು ದಿನವೂ ಮಲಗುವ ಮುನ್ನ ನೋಡಬೇಕು. ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾಗದ ಹಿರಿಯರಿಗೆ ಮಗ ಸೊಸೆಯರು ನೋಡಲಿ. ಹಬ್ಬಹುಣ್ಣಿಮೆಗೆ ಆ ಪಾದಗಳಿಗೆ ನಮಸ್ಕರಿಸುವವರೇ ಅಲ್ಲವೆ? ಮುಳ್ಳು, ಬೊಬ್ಬೆ, ಕೆಂಪು ಕಂಡರೆ ಅಂದೇ ತೋರಿಸಬೇಕು. ಬರಿಗಾಲಿನ ನಡಿಗೆ ಬೇಡ. ಹಲಸೂರಿನ ಸೋಮೇಶ್ವರ ದೇವಾಲಯದ ಕಲ್ಲು ಹಾಸು ಏಪ್ರಿಲಿನ ನಡುಹಗಲಲ್ಲಿ ಹೇಗಿರುತ್ತದೆಂದು ಹೋದವರಿಗೆ ಗೊತ್ತು. ಬಿಸಿ ತಟ್ಟದ ಪಾದ ಅಲ್ಲಿ ಬೆಂದರೂ ಹೆಜ್ಜೆ ಹಾಕುತ್ತಲೇ ಇರುತ್ತದೆ. ದೇವಾಲಯಕ್ಕೂ ಮಠಕ್ಕೂ ಹೋಗುವವರು ಮುಂಜಾನೆಯ ಹೊತ್ತನ್ನು ಆರಿಸಿಕೊಳ್ಳಲಿ, ಒಗೆದ ದಪ್ಪ ಕಾಲುಚೀಲ ತೊಟ್ಟರೆ ತಪ್ಪೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಶಿವಾಜಿನಗರದ ಬಸ್ ನಿಲ್ದಾಣದಂಥ ನೂಕುನುಗ್ಗಲಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದು ಇಂಥವರಿಗೆ ಸಾಹಸವೇ ಸರಿ. 2023ರ ಅಕ್ಟೋಬರಿನಿಂದ ಕೆ.ಆರ್. ಪುರದಿಂದ ಎಂ.ಜಿ. ರಸ್ತೆಯ ಕಡೆಗೆ ಮೆಟ್ರೋ ಒಂದೇ ಸಮನೆ ಓಡುತ್ತಿರುವುದು ಒಂದು ಅನುಕೂಲ. ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲನ್ನು ಬಿಟ್ಟು ಲಿಫ್ಟನ್ನೇ ಬಳಸಬೇಕು.

ರೋಗವೇ ಮುಂದುವರಿದು, ಗುಣಪಡಿಸುವ ಚಿಕಿತ್ಸೆ ಮುಗಿದು, ನೋವು ಉಳಿದವರ ಮನೆಯವರು ಮಾರತ್ತಹಳ್ಳಿಯ ಬಳಿಯ ಕರುಣಾಶ್ರಯವನ್ನು ಅರಿತಿರಬೇಕು. ಇಂದಿರಾನಗರದ ರೋಟರಿಯವರೂ ಭಾರತೀಯ ಕ್ಯಾನ್ಸರ್ ಸಂಸ್ಥೆಯ ಕರ್ನಾಟಕ ಶಾಖೆಯವರೂ ಕೂಡಿ 1994ರಲ್ಲಿ ಸ್ಥಾಪಿಸಿದ ಟ್ರಸ್ಟಿನ ಈ ಆಶ್ರಯ 1999ರಿಂದ ಜಾತಿಮತ ನೋಡದೆ, ಹಣ ಪಡೆಯದೆ ಆರೈಕೆ ಮಾಡುತ್ತ ಬಂದಿದೆ. ನರದ ನೋವನ್ನು ತಗ್ಗಿಸುವ ಬಗೆ ಅಲ್ಲಿನವರಿಗೆ ಚೆನ್ನಾಗಿ ತಿಳಿದಿದೆ.

ಕೆ.ಆರ್. ಪುರದ ಹಿರಿಯರ ಮಾತಿಗೆ ಬರುವುದಾದರೆ, ಏಳನೆಯ ಸಲಕ್ಕೆ ಮುನ್ನ ಅವರ ಮಗಳು ನೋಟುಪುಸ್ತಕದೊಡನೆ ತಾನೇ ವೈದ್ಯರ ಮುಂದೆ ಕುಳಿತಳು. ವೈದ್ಯರು ರೋಗದ ಹಂತವನ್ನು ನೋಡಿ ಆಕ್ಸಾಲಿಪ್ಲಾಟಿನ್ ನಿಲ್ಲಿಸಿ, ಜೊತೆಯ ಔಷಧವನ್ನು ಮಾತ್ರ ಮುಂದುವರಿಸಿದರು. ಅನಂತರದ ಎರಡು ತಿಂಗಳು ಜೋಮು ಇನ್ನೂ ಏರಿತು; ಮೊದಲೇ ಹೇಳಿದ್ದರಿಂದ ಯಾರೂ ಹೆದರಲಿಲ್ಲ. ಇಂಥ ತೀವ್ರ ನರಹಾನಿ ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ಸುಮಾರು ಶೇಕಡಾ 12 ಮಂದಿಗೆ ಬಂದು, ಒಂದು ವರ್ಷದ ಬಳಿಕ ಶೇಕಡಾ ಒಂದರಷ್ಟು ಮಂದಿಯಲ್ಲಿ ಮಾತ್ರ ಉಳಿದಿತ್ತೆಂದು 2004ರ ದೊಡ್ಡ ಪ್ರಯೋಗವೊಂದು ತೋರಿಸಿದೆ. ಸೌಮ್ಯವಾದ ಜೋಮು ಅದಕ್ಕಿಂತ ಹೆಚ್ಚು ಮಂದಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅವರಿಗೆ ಈಗ ಹತ್ತನೆಯ ತಿಂಗಳು. ಬ್ಯಾಂಕಿನಲ್ಲಿ ಹೊಸ ಸಹಿಯ ಮಾದರಿ ಕೊಟ್ಟಿದ್ದಾರೆ. ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಎಡಗೈಯ ಹೆಬ್ಬೆರಳು ಮತ್ತು ಅಂಗೈಯ ನಡುಭಾಗಕ್ಕೆ ಸ್ಪರ್ಶ ಬಹುಮಟ್ಟಿಗೆ ಮರಳಿದೆ. ಕಾಲ್ಬೆರಳುಗಳಿಗೆ ಇನ್ನೂ ಇಲ್ಲ.